ನದಿ ದಾಟೋದನ್ನು ನೋಡಬೇಕಾದರೆ ಕಾಯಬೇಕು: ಕೀನ್ಯಾ, ತಾಂಜಾನಿಯಾ ಪ್ರವಾಸದ ಬಗ್ಗೆ ನಿಮ್ಮ ಪ್ರಶ್ನೆಗಳು

ಕೀನ್ಯಾ, ತಾಂಜಾನಿಯಾ ಎರಡೂ ದೇಶಗಳನ್ನು ಗೈಡ್ ಜೊತೆ ಸುತ್ತಿ ಬರೋ ಪ್ರವಾಸದ ಬಗ್ಗೆ ಪ್ರಶ್ನೆ ಕಳಿಸಿ ಅಂತ ಕಳೆದ ಸಂಚಿಕೆಯಲ್ಲಿ ಕೇಳಿದ್ದೆ. ತುಂಬಾ ಪತ್ರ ಬಂದಿವೆ. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿ ಉತ್ತರ ಬರೆದಿದ್ದೇನೆ.

ಮೇಡಂ, ನಾವು ನಾಲ್ಕು ಜನ. ಹತ್ತು ದಿನದ ಪ್ಯಾಕೇಜ್ ಒಂದಿದೆ: ನೈರೋಬಿ, ನಕೂರು, ಮಸಾಯಿ ಮಾರಾ, ಅಂಬೋಸೆಲಿ, ಅರೂಷಾ, ಮನ್ಯಾರಾ, ಸೆರೆಂಗೆಟಿ, ಗೊರೊಂಗೊರೊ, ತರಂಗೀರೆ. ಅಷ್ಟು ದೂರ ಹೋದಮೇಲೆ ಎಲ್ಲ ನೋಡಿಬಿಡೋಣ ಅಂತ ನಮ್ಮ ಯಜಮಾನರು ಹೇಳ್ತಾರೆ. ಸರಿಯಾ?

ಬೇಡ. ದಯವಿಟ್ಟು ಬೇಡ.

ನನ್ನ ಮೊದಲ ಪ್ರವಾಸ ಹೀಗೇ ಆಗಿತ್ತು. ಹೆಸರು ಹೇಳೋದಿಲ್ಲ, ಒಂದು ಏಜೆನ್ಸಿಯವರು ಒಂಬತ್ತು ದಿನಕ್ಕೆ ಎಂಟು ಜಾಗ ತುಂಬಿಸಿದ್ದರು. ಗೊರೊಂಗೊರೊ ಅನ್ನೋ ಹಳೇ ಜ್ವಾಲಾಮುಖಿಯ ಕುಳಿಗೆ ಇಳಿದಾಗ ಮಧ್ಯಾಹ್ನ ಆಗಿತ್ತು, ಸಂಜೆ ಗೇಟು ಮುಚ್ಚೋದರೊಳಗೆ ಹತ್ತಿ ಬರಬೇಕು ಅಂತ ಅವಸರ. ದೂರದಲ್ಲಿ ಒಂದು ಘೇಂಡಾಮೃಗ ಮಲಗಿತ್ತು. ಎದ್ದು ನಿಲ್ಲಬಹುದು, ಹತ್ತು ನಿಮಿಷ ಇರೋಣ ಅಂತ ಕೇಳಿದರೆ ಡ್ರೈವರ್ ಗಡಿಯಾರ ತೋರಿಸಿದರು. ತಪ್ಪು ಅವರದ್ದಲ್ಲ, ಅವರ ಕೈಗೆ ಕೊಟ್ಟಿದ್ದ ಪಟ್ಟಿಯದ್ದು.

ನಕ್ಷೆ ನೋಡಿ ಮೋಸ ಹೋಗಬೇಡಿ. ನೈರೋಬಿಯಿಂದ ಮಾರಾಗೆ ಐದಾರು ಗಂಟೆ. ನೈರೋಬಿಯಿಂದ ನಮಾಂಗಾ ಗಡಿ ದಾಟಿ ಅರೂಷಾಗೆ ಹೆಚ್ಚುಕಡಿಮೆ ಅಷ್ಟೇ ಹೊತ್ತು. ಎಲ್ಲಕ್ಕಿಂತ ಮುಖ್ಯವಾದದ್ದು ಒಂದಿದೆ, ಇದನ್ನು ಯಾವ ಪ್ಯಾಕೇಜಿನಲ್ಲೂ ಬಿಡಿಸಿ ಹೇಳೋದಿಲ್ಲ. ಕೀನ್ಯಾದ ಮಾರಾ, ತಾಂಜಾನಿಯಾದ ಸೆರೆಂಗೆಟಿ ಎರಡೂ ಕಾಡುಗಳು ಒಂದಕ್ಕೊಂದು ಅಂಟಿಕೊಂಡೇ ಇವೆ, ನಡುವೆ ಬೇಲಿ ಇಲ್ಲ, ಪ್ರಾಣಿಗಳು ದಿನಾ ಆಚೆಯಿಂದ ಈಚೆ ಬರ್ತವೆ. ಆದರೆ ನಾವು ಆ ದಾರಿಯಲ್ಲಿ ದಾಟೋ ಹಾಗಿಲ್ಲ. 1977ರಲ್ಲಿ ಪೂರ್ವ ಆಫ್ರಿಕಾದ ದೇಶಗಳ ಒಕ್ಕೂಟ ಮುರಿದುಬಿದ್ದಾಗ ತಾಂಜಾನಿಯಾ ಗಡಿ ಮುಚ್ಚಿತು. ಕೆಲವು ವರ್ಷಗಳ ಮೇಲೆ ಬೇರೆ ದಾರಿಗಳೆಲ್ಲ ತೆರೆದುಕೊಂಡವು, ಕಾಡಿನ ನಡುವಿನ ಬೊಲೊಗೊಂಜಾ ದಾರಿ ಮಾತ್ರ ಪ್ರವಾಸಿಗರಿಗೆ ತೆರೆಯಲೇ ಇಲ್ಲ. ಹಾಗಾಗಿ ಪಶ್ಚಿಮಕ್ಕೆ ಸುತ್ತಿಕೊಂಡು ಇಸೆಬಾನಿಯಾ ಗಡಿಯಿಂದ ಹೋಗಬೇಕು. ಒಂದಿಡೀ ದಿನ ಅದಕ್ಕೇ ಬೇಕು. ಗಡಿಯಲ್ಲಿ ಸಾಮಾನ್ಯವಾಗಿ ಗಾಡಿಯೂ ಬದಲು, ಗೈಡ್ ಕೂಡ ಬದಲು, ಯಾಕಂದರೆ ಕೀನ್ಯಾದ ಸಫಾರಿ ಗಾಡಿಗಳಿಗೆ ತಾಂಜಾನಿಯಾದ ಕಾಡುಗಳಲ್ಲಿ ಓಡಾಡಲು ಬಿಡೋದಿಲ್ಲ.

ನಿಮ್ಮ ಹತ್ತು ದಿನಕ್ಕೆ ನಾನು ಹೇಳೋದು ಇಷ್ಟು. ನೈರೋಬಿಯಲ್ಲಿ ಇಳಿದು ಒಂದು ರಾತ್ರಿ. ಮಾರಾದಲ್ಲಿ ಮೂರು ರಾತ್ರಿ. ಇಸೆಬಾನಿಯಾ ದಾಟಿ ಸೆರೆಂಗೆಟಿಯಲ್ಲಿ ಮೂರು ರಾತ್ರಿ. ಗೊರೊಂಗೊರೊ ಹತ್ತಿರ ಒಂದು ಅಥವಾ ಎರಡು ರಾತ್ರಿ. ಅರೂಷಾ ಪಕ್ಕದ ಕಿಲಿಮಂಜಾರೋ ವಿಮಾನ ನಿಲ್ದಾಣದಿಂದ ವಾಪಸ್ ಹೊರಡಿ, ಮತ್ತೆ ನೈರೋಬಿಗೆ ಬರೋದು ಬೇಡ. ನಕೂರು, ಅಂಬೋಸೆಲಿ, ತರಂಗೀರೆ ಎಲ್ಲ ಒಳ್ಳೆ ಜಾಗಗಳೇ. ತರಂಗೀರೆಯ ಬಾವೊಬಾಬ್ ಮರಗಳ ಕೆಳಗೆ ಆನೆಗಳ ಹಿಂಡು ನಿಂತಿರೋದನ್ನು ಬಿಡಿ ಅಂತ ಹೇಳೋಕೆ ನನಗೂ ಕಷ್ಟ ಆಗುತ್ತೆ. ಆದರೂ ಬಿಡಿ. ಒಂದೇ ಕಾಡಿನಲ್ಲಿ ಮೂರನೇ ದಿನ ಕಾಣಿಸೋದು ಮೊದಲನೇ ದಿನ ಕಾಣಿಸೋದಿಲ್ಲ.

ವೈಲ್ಡ್‌ಬೀಸ್ಟ್ ವಲಸೆ ನೋಡೋಕೆ ಯಾವ ತಿಂಗಳು ಹೋಗಬೇಕು? ಆಗಸ್ಟ್ ಬಿಟ್ಟರೆ ಏನೂ ಕಾಣಿಸೋದಿಲ್ಲ ಅಂತಾರೆ, ನಮಗೆ ರಜ ಸಿಗೋದು ಫೆಬ್ರುವರಿಯಲ್ಲಿ.

ಫೆಬ್ರುವರಿ ಸಿಕ್ಕಿದ್ದು ನಿಮ್ಮ ಪುಣ್ಯ.

ವೈಲ್ಡ್‌ಬೀಸ್ಟ್ ಅಂದರೆ ದನದ ಥರ ಕಾಣೋ ದೊಡ್ಡ ಜಿಂಕೆ. ಅವುಗಳ ವಲಸೆ ಒಂದು ದಿನ ನಡೆದು ಮುಗಿಯೋದಲ್ಲ. ಸುಮಾರು 13ರಿಂದ 15 ಲಕ್ಷ ವೈಲ್ಡ್‌ಬೀಸ್ಟ್, ಜೊತೆಗೆ ಲಕ್ಷಗಟ್ಟಲೆ ಜೀಬ್ರಾ, ಗೆಜೆಲ್ ಜಿಂಕೆ, ಇವೆಲ್ಲ ಮಳೆ ಮತ್ತು ಹುಲ್ಲಿನ ಹಿಂದೆ ವರ್ಷವಿಡೀ ಒಂದು ಸುತ್ತು ಹಾಕ್ತಾ ಇರ್ತವೆ. ಅದಕ್ಕೆ ಶುರುವೂ ಇಲ್ಲ, ಕೊನೆಯೂ ಇಲ್ಲ. ಡಿಸೆಂಬರ್‌ನಿಂದ ಮಾರ್ಚ್ ತನಕ ಸೆರೆಂಗೆಟಿಯ ದಕ್ಷಿಣದ ಎನ್‌ಡುಟು ಬಯಲಿನಲ್ಲಿ. ಏಪ್ರಿಲ್, ಮೇ ದೊಡ್ಡ ಮಳೆಗೆ ವಾಯವ್ಯದ ಕಡೆ ಹೊರಡ್ತವೆ. ಜೂನ್ ಹೊತ್ತಿಗೆ ಗ್ರುಮೆಟಿ ನದಿ. ಜುಲೈನಿಂದ ಅಕ್ಟೋಬರ್ ತನಕ ಉತ್ತರ ಸೆರೆಂಗೆಟಿ ಮತ್ತು ಮಾರಾ. ನವೆಂಬರ್‌ನಲ್ಲಿ ಸಣ್ಣ ಮಳೆ ಬಿದ್ದರೆ ಮತ್ತೆ ದಕ್ಷಿಣಕ್ಕೆ.

ಜನವರಿ ಕೊನೆ, ಫೆಬ್ರುವರಿಯಲ್ಲಿ ಎನ್‌ಡುಟು ಬಯಲಿನಲ್ಲಿ ಮರಿ ಹಾಕ್ತವೆ. ಬಹುಪಾಲು ಮರಿಗಳು ಎರಡು ಮೂರು ವಾರದಲ್ಲೇ ಹುಟ್ಟುತ್ತವೆ. ಆ ಜಾಗವೇ ಯಾಕೆ ಅಂದರೆ, ಗೊರೊಂಗೊರೊ ಬೆಟ್ಟಸಾಲಿನ ಜ್ವಾಲಾಮುಖಿಗಳ ಬೂದಿ ಬಿದ್ದು ಆದ ಮಣ್ಣು ಅದು. ಅಲ್ಲಿನ ಗಿಡ್ಡ ಹುಲ್ಲಿನಲ್ಲಿ ಸುಣ್ಣದ ಅಂಶ, ರಂಜಕ ಜಾಸ್ತಿ. ಹಾಲು ಕೊಡೋ ತಾಯಿಗೆ ಬೇಕಾದದ್ದೇ ಅದು. ಒಂದು ಮರಿ ಹುಟ್ಟಿದ್ದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ನೆಲಕ್ಕೆ ಬಿತ್ತು, ಒದ್ದೆ ಕಿವಿ ಕೆನ್ನೆಗೆ ಅಂಟಿಕೊಂಡಿತ್ತು. ಎದ್ದಿತು, ಮುಂದಿನ ಕಾಲು ಮಡಚಿ ಮುಗ್ಗರಿಸಿತು. ಮತ್ತೆ ಎದ್ದಿತು, ಹಿಂದಕ್ಕೆ ಬಿತ್ತು. ಮೂರನೇ ಸಲ ನಿಂತು ತಾಯಿಯ ಹೊಟ್ಟೆಗೆ ಮೂತಿ ಹಚ್ಚಿ ಹುಡುಕಿತು. ಹತ್ತು ನಿಮಿಷದೊಳಗೆ ತಾಯಿಯ ಪಕ್ಕದಲ್ಲಿ ಓಡ್ತಾ ಇತ್ತು! ಓಡದಿದ್ದರೆ ಬದುಕೋದಿಲ್ಲ, ಕತ್ತೆಕಿರುಬಗಳು ಅಷ್ಟು ದೂರದಲ್ಲೇ ಕೂತಿದ್ದವು.

ಇನ್ನು ಆಗಸ್ಟ್‌ಗೆ ಹೋಗೋರು ಕೇಳಿ. ಮಾರಾ ನದಿ ದಾಟೋದನ್ನು ಯಾರೂ ಗ್ಯಾರಂಟಿ ಕೊಡೋಕಾಗಲ್ಲ. ಕೊಡ್ತೀನಿ ಅಂದವರ ಹತ್ತಿರ ದುಡ್ಡು ಕಟ್ಟಬೇಡಿ. ನಾವು ಒಂದು ಬೆಳಿಗ್ಗೆ ಎಂಟು ಗಂಟೆಗೆ ದಡದ ಮೇಲೆ ನಿಂತೆವು. ಆಚೆ ದಡದಲ್ಲಿ ಸಾವಿರಾರು ಪ್ರಾಣಿಗಳು, ಧೂಳು, ಒಂದೇ ಸಮನೆ ಗೊರಗೊರ ಅನ್ನೋ ಸದ್ದು. ಒಂದು ಜೀಬ್ರಾ ನೀರಿನ ತನಕ ಬಂತು, ಒಂದು ಕಾಲಿಟ್ಟಿತು, ನಿಂತಿತು, ಹಿಂದಕ್ಕೆ ಓಡಿತು. ಅದರ ಹಿಂದೆ ಇಡೀ ಹಿಂಡು ತಿರುಗಿತು. ಹೀಗೆ ನಾಲ್ಕು ಸಲ. ಹನ್ನೊಂದೂವರೆಗೆ ಪಕ್ಕದ ಗಾಡಿಯವರು ಬೇಸರವಾಗಿ ಹೊರಟುಹೋದರು. ನಮ್ಮ ಗೈಡ್ ಮಾತ್ರ ಫ್ಲಾಸ್ಕ್ ತೆಗೆದು ಚಹಾ ಬಗ್ಗಿಸಿ, "ಪೋಲೆ ಪೋಲೆ" ಅಂದರು, ನಿಧಾನ ನಿಧಾನ ಅಂತ. ಹನ್ನೆರಡು ದಾಟಿದ ಮೇಲೆ ಒಂದು ವೈಲ್ಡ್‌ಬೀಸ್ಟ್ ಸುಮ್ನೆ ಹಾರಿತು. ಆಮೇಲೆ ಇಪ್ಪತ್ತು ನಿಮಿಷ ನದಿ ಕಾಣಿಸಲೇ ಇಲ್ಲ.

ಎಲ್ಲವೂ ದಾಟೋದಿಲ್ಲ ಅನ್ನೋದನ್ನೂ ಮನಸ್ಸಿನಲ್ಲಿ ಇಟ್ಟುಕೊಂಡು ಹೋಗಿ. ಮಾರಾ ನದಿಯಲ್ಲಿ ವರ್ಷಕ್ಕೆ ಸರಾಸರಿ 6,000ಕ್ಕೂ ಹೆಚ್ಚು ವೈಲ್ಡ್‌ಬೀಸ್ಟ್ ಮುಳುಗಿ ಸಾಯ್ತವೆ ಅಂತ ಅಲ್ಲಿನ ಅಧ್ಯಯನ ಹೇಳುತ್ತೆ. ಮೊಸಳೆಗಿಂತ ನೂಕುನುಗ್ಗಲೇ ಜಾಸ್ತಿ ಬಲಿ ತಗೊಳ್ಳುತ್ತೆ. ಸತ್ತವು ರಣಹದ್ದು, ಮೀನುಗಳ ಹೊಟ್ಟೆ ಸೇರ್ತವೆ, ಮೂಳೆ ವರ್ಷಗಟ್ಟಲೆ ನೀರಿನಲ್ಲಿ ಕರಗ್ತಾ ನದಿಗೆ ಗೊಬ್ಬರ ಆಗುತ್ತೆ. ಚಿಕ್ಕ ಮಕ್ಕಳಿದ್ದರೆ ಇದನ್ನು ಮೊದಲೇ ಹೇಳಿಟ್ಟಿರಿ. ದಾಟೋದನ್ನು ತಾಂಜಾನಿಯಾ ಕಡೆಯಿಂದಲೂ ನೋಡಬಹುದು. ಕೊಗಾಟೆಂಡೆ ಅನ್ನೋ ಜಾಗ ಕೇಳಿ, ಸಾಮಾನ್ಯವಾಗಿ ಅಲ್ಲಿ ಗಾಡಿಗಳ ಗದ್ದಲ ಕಡಿಮೆ.

ನಮ್ಮ ಪಟ್ಟಿಯಲ್ಲಿ "ಮಸಾಯಿ ಹಳ್ಳಿ ಭೇಟಿ, ಒಂದು ಗಂಟೆ" ಅಂತಿದೆ. ಬಡವರ ಮನೆ ನೋಡೋಕೆ ದುಡ್ಡು ಕೊಟ್ಟು ಹೋಗೋದು ನನಗೆ ಮುಜುಗರ. ಹೋಗದೆ ಇರೋದೇ ವಾಸಿನಾ?

ನಿಮ್ಮ ಮುಜುಗರ ಒಳ್ಳೆಯದು. ಅದನ್ನು ಜೊತೆಗೇ ಇಟ್ಟುಕೊಂಡು ಹೋಗಿ, ಹೋಗದೆ ಇರಬೇಡಿ.

ಮಸಾಯಿ ಅಂದರೆ ಅಲ್ಲಿನ ದನ ಸಾಕೋ ಜನ. ಕಾಡಿನ ಗೇಟಿನ ಹತ್ತಿರದ ಅವರ ಹಟ್ಟಿಗಳಲ್ಲಿ ನಡೆಯೋದು ಸಾಮಾನ್ಯವಾಗಿ ಹೀಗೆ: ಇಳಿದ ತಕ್ಷಣ ಕುಣಿತ, ಎತ್ತರಕ್ಕೆ ಜಿಗಿಯೋದು, ಕಟ್ಟಿಗೆ ಉಜ್ಜಿ ಬೆಂಕಿ ಮಾಡೋದು, ಮಣಿಸರದ ಅಂಗಡಿ, ಮುಗೀತು. ಇಷ್ಟೇ ನೋಡಿ ಬಂದವರು "ಎಲ್ಲ ನಾಟಕ" ಅಂತಾರೆ. ಆದರೆ ಒಂದು ಗಂಟೆಗೆ ಬಂದು ಹೋಗೋರಿಗೆ ಅವರು ಇನ್ನೇನು ತೋರಿಸಬೇಕು ಹೇಳಿ?

ನಿಮ್ಮ ಗೈಡ್ ಹತ್ತಿರ ಮೊದಲೇ ಮಾತಾಡಿ. ದಾರಿ ಬದಿಯದ್ದಲ್ಲದ, ತಮಗೆ ಪರಿಚಯ ಇರೋ ಹಟ್ಟಿಗೆ ಕರೆದುಕೊಂಡು ಹೋಗಿ, ಅರ್ಧ ದಿನ ಇರ್ತೀವಿ ಅಂತ ಕೇಳಿ. ಸಂಜೆ ದನ ಮನೆಗೆ ಬರೋ ಹೊತ್ತು ಎಲ್ಲಕ್ಕಿಂತ ಚೆನ್ನ. ಜಾಲಿ ಮುಳ್ಳಿನ ಬೇಲಿಯ ಬಾಯಿ ತೆಗೀತಾರೆ, ಮಕ್ಕಳು ಕರುಗಳನ್ನು ಬೇರೆ ಮಾಡ್ತಾರೆ, ಹೆಂಗಸರು ಹಾಲು ಕರೆಯೋಕೆ ಕೂರ್ತಾರೆ. ನಾನು ಒಂದು ಮನೆಯೊಳಗೆ ಕೂತಿದ್ದೆ. ಆ ಮನೆಗಳನ್ನು ಕಟ್ಟೋದು ಹೆಂಗಸರೇ: ಕೋಲು ನೆಟ್ಟು, ರೆಂಬೆ ಹೆಣೆದು, ಮಣ್ಣು ಸಗಣಿ ಮೆತ್ತಿ. ಬಾಗಿಲು ಎಷ್ಟು ಗಿಡ್ಡ ಅಂದರೆ ಬಗ್ಗಿಯೇ ಹೋಗಬೇಕು. ಒಳಗೆ ಕತ್ತಲು, ಹೊಗೆ, ಅಂಗೈ ಅಗಲದ ಒಂದು ಕಿಂಡಿ. ಮೊದಲು ಏನೂ ಕಾಣಲಿಲ್ಲ. ಕಣ್ಣು ಹೊಂದಿಕೊಂಡ ಮೇಲೆ ನೋಡಿದರೆ ನನ್ನ ಮೊಣಕಾಲಿನ ಪಕ್ಕದಲ್ಲೇ ಒಂದು ಎಳೆಗರು ಮಲಗಿತ್ತು. ಮನೆಯಾಕೆ ಸೋರೆಬುರುಡೆಯೊಳಗೆ ಕೆಂಡದ ಕೊಳ್ಳಿ ಆಡಿಸಿ, ಕೊಡವಿ, ಆಮೇಲೆ ಹಾಲು ಹುಯ್ದರು. ಹಾಗೆ ಮಾಡಿದರೆ ಹಾಲು ಬೇಗ ಕೆಡೋದಿಲ್ಲ, ಒಂದು ಹೊಗೆಯ ರುಚಿಯೂ ಬರುತ್ತೆ. ಆಕೆ ನನ್ನನ್ನು ಕೇಳಿದ್ದು ಎರಡೇ ಪ್ರಶ್ನೆ. ಮಕ್ಕಳೆಷ್ಟು, ದನ ಎಷ್ಟು. ದನ ಇಲ್ಲ ಅಂದಾಗ ಆಕೆಯ ಮುಖದಲ್ಲಿ ಕಂಡ ಕನಿಕರ ನನಗೆ ಇನ್ನೂ ನೆನಪಿದೆ.

ಇನ್ನೊಂದು ವಿಷಯ ತಿಳಿದುಕೊಂಡು ಹೋಗಿ. ಸೆರೆಂಗೆಟಿ ಅನ್ನೋ ಹೆಸರೇ ಮಸಾಯಿ ಮಾತಿನಿಂದ ಬಂದದ್ದು, ಕೊನೆಯಿಲ್ಲದ ಬಯಲು ಅಂತ ಅರ್ಥ. ಆ ಹೆಸರು ಕೊಟ್ಟವರನ್ನೇ 1959ರಲ್ಲಿ ಅಲ್ಲಿಂದ ಎಬ್ಬಿಸಿ ಗೊರೊಂಗೊರೊ ಕಡೆ ಕಳಿಸಿದರು. ಅಲ್ಲಿ ಪ್ರಾಣಿಗಳ ಜೊತೆ ದನ ಮೇಯಿಸಿಕೊಂಡು ಇರಬಹುದು ಅಂತ ಆಗ ಮಾತು ಕೊಟ್ಟಿದ್ದರು. 2022ರಿಂದ ಗೊರೊಂಗೊರೊದಿಂದಲೂ ಅವರನ್ನು ದೂರದ ಎಂಸೊಮೆರಾ ಅನ್ನೋ ಊರಿಗೆ ಕಳಿಸೋ ಕೆಲಸ ನಡೀತಾ ಇದೆ, ಹೋಗೋದಿಲ್ಲ ಅಂತ ಪ್ರತಿಭಟನೆಯೂ ಆಗಿದೆ. ನಾವು ಕೊಡೋ ಪ್ರವೇಶ ಶುಲ್ಕದ ಹಿಂದೆ ಇದೂ ಇದೆ. ಕೀನ್ಯಾ ಕಡೆ ಮಾರಾ ಸುತ್ತ ಬೇರೆ ಥರದ ಏರ್ಪಾಡು ಬೆಳೆದಿದೆ. ಮಸಾಯಿ ಕುಟುಂಬಗಳು ತಮ್ಮ ಜಮೀನನ್ನು ಒಟ್ಟುಗೂಡಿಸಿ ಕ್ಯಾಂಪಿನವರಿಗೆ ಗುತ್ತಿಗೆ ಕೊಡ್ತಾರೆ, ತಿಂಗಳಿಗೆ ಇಷ್ಟು ಅಂತ ಬಾಡಿಗೆ ಬರುತ್ತೆ. ನಬೋಯಿಶೊ, ಓಲಾರೆ ಮೊಟೊರೊಗಿ, ಮಾರಾ ನಾರ್ತ್ ಇಂಥವು. ಇವಕ್ಕೆ ಕನ್ಸರ್ವೆನ್ಸಿ ಅಂತಾರೆ. ಮೂರು ರಾತ್ರಿಯಲ್ಲಿ ಎರಡನ್ನಾದರೂ ಇಂಥ ಕಡೆ ಇರಿ. ಮುಖ್ಯ ಕಾಡಿನಲ್ಲಿ ಇಲ್ಲದ ಎರಡು ಸುಖ ಇಲ್ಲಿವೆ: ಮಸಾಯಿ ಗೈಡ್ ಜೊತೆ ನಡೆದು ಹೋಗಬಹುದು, ರಾತ್ರಿ ಸಫಾರಿಯೂ ಮಾಡಬಹುದು.

ಫೋಟೊಗೆ ಮೊದಲು ಕೇಳಿ. ಮಕ್ಕಳು ಹತ್ತಿರ ಬಂದು ತಲೆ ಬಗ್ಗಿಸಿ ನಿಂತರೆ ನೆತ್ತಿ ಮುಟ್ಟಿ, ಅದು ಹಿರಿಯರಿಗೆ ಅವರು ಮಾಡೋ ನಮಸ್ಕಾರ. ಥ್ಯಾಂಕ್ಸ್ ಹೇಳೋಕೆ "ಆಶೆ ಓಲೆಂಗ್". ಮಣಿಸರ ತಗೊಳ್ಳೋದಾದರೆ ಪೋಣಿಸಿದ ಹೆಂಗಸಿನ ಕೈಗೇ ದುಡ್ಡು ಕೊಡಿ.

ನಾವು ಶುದ್ಧ ಸಸ್ಯಾಹಾರಿಗಳು, ಮೊಟ್ಟೆಯೂ ಇಲ್ಲ. ಹತ್ತು ದಿನ ಬ್ರೆಡ್ಡಿನಲ್ಲೇ ಕಳೀಬೇಕಾ?

ಖಂಡಿತ ಇಲ್ಲ. 1896ರಿಂದ 1901ರ ತನಕ ಮೊಂಬಾಸಾದಿಂದ ವಿಕ್ಟೋರಿಯಾ ಸರೋವರಕ್ಕೆ ರೈಲು ಹಾಕೋಕೆ ಭಾರತದಿಂದ 30,000ಕ್ಕೂ ಹೆಚ್ಚು ಕೂಲಿಗಳನ್ನು ಕರೆದುಕೊಂಡು ಹೋಗಿದ್ದರು. ಸುಮಾರು 2,500 ಜನ ಅಲ್ಲೇ ತೀರಿಕೊಂಡರು. ಉಳಿದವರಲ್ಲಿ ಕೆಲವರು ಅಲ್ಲೇ ನೆಲೆ ನಿಂತರು, ವ್ಯಾಪಾರಕ್ಕೆ ಬಂದವರೂ ಸೇರಿಕೊಂಡರು. ಹಾಗಾಗಿ ಚಪಾತಿ, ಚಾಯ್ ಈಗ ಅಲ್ಲಿಯದೇ ತಿಂಡಿ, ಅಲ್ಲಿಯದೇ ಮಾತು. ಅಂಗಡಿಗೆ "ದೂಕಾ" ಅಂತಾರೆ, ದುಡ್ಡಿಗೆ "ಪೇಸಾ", ವಾಹನಕ್ಕೆ "ಗಾರಿ". ಕಿವಿಗೆ ಹೊಸದು ಅನ್ನಿಸಲ್ಲ, ಅಲ್ವಾ?

ಊಟಕ್ಕೆ ಉಗಾಲಿ ಕೇಳಿ. ಮೆಕ್ಕೆಜೋಳದ ಹಿಟ್ಟನ್ನು ಗಟ್ಟಿಯಾಗಿ ಬೇಯಿಸಿದ್ದು, ಮುದ್ದೆ ಥರವೇ ಕೈಯಲ್ಲಿ ಮುರಿದು ತಿನ್ನಬೇಕು. ಜೊತೆಗೆ ಸುಕುಮಾ ವಿಕಿ ಅನ್ನೋ ಸೊಪ್ಪಿನ ಪಲ್ಯ, ಮಹರಾಗೆ ಅನ್ನೋ ಹುರುಳಿಕಾಯಿ ಬೀಜದ ಗೊಜ್ಜು. ಮೆಕ್ಕೆಜೋಳ ಮತ್ತು ಕಾಳು ಬೇಯಿಸಿದ ಗಿಥೇರಿ ನನಗೆ ಬಲು ಇಷ್ಟ. ಸೊಪ್ಪಿಗೆ ಕೆಲವು ಕಡೆ ಮಾಂಸದ ರಸ ಹಾಕ್ತಾರೆ, ಅದಕ್ಕೇ "ಸಿಲಿ ನ್ಯಾಮಾ" ಅನ್ನೋದನ್ನು ಬಾಯಿಪಾಠ ಮಾಡಿ, ಮಾಂಸ ತಿನ್ನಲ್ಲ ಅಂತ. ಮೊಟ್ಟೆಗೆ "ಮಾಯಾಯಿ", ಮೀನಿಗೆ "ಸಮಾಕಿ". ಬುಕಿಂಗ್ ಮಾಡುವಾಗಲೇ ಕ್ಯಾಂಪಿನವರಿಗೆ ಬರೆದು ತಿಳಿಸಿ, ಕಾಡಿನ ನಡುವೆ ಕೊನೇ ಗಳಿಗೆಯಲ್ಲಿ ತರಕಾರಿ ಸಿಗೋದಿಲ್ಲ.

ವೀಸಾ, ಇಂಜೆಕ್ಷನ್ ಏನೇನು ಬೇಕು?

ಕೀನ್ಯಾಗೆ 2024ರ ಜನವರಿಯಿಂದ ವೀಸಾ ಬದಲು ಇ-ಟಿಎ ಅನ್ನೋ ಆನ್‌ಲೈನ್ ಅನುಮತಿ, ಶುಲ್ಕ ಸುಮಾರು 30 ಡಾಲರ್. ತಾಂಜಾನಿಯಾಗೆ ಇ-ವೀಸಾ, 50 ಡಾಲರ್. "ಪೂರ್ವ ಆಫ್ರಿಕಾ ವೀಸಾ" ಅಂತ ಒಂದಿದೆ, ಅದು ಕೀನ್ಯಾ, ಉಗಾಂಡಾ, ರುವಾಂಡಾಗೆ ಮಾತ್ರ. ತಾಂಜಾನಿಯಾಗೆ ನಡೆಯಲ್ಲ, ತಪ್ಪಿ ಅದನ್ನು ಮಾಡಿಸಬೇಡಿ.

ಹಳದಿ ಜ್ವರದ ಲಸಿಕೆ ಹಾಕಿಸಲೇಬೇಕು. ಲಸಿಕೆ ಹಾಕಿಸಿದ್ದಕ್ಕೆ ಒಂದು ಹಳದಿ ಕಾರ್ಡ್ ಕೊಡ್ತಾರೆ. ಕೀನ್ಯಾದಿಂದ ತಾಂಜಾನಿಯಾಗೆ ದಾಟುವಾಗ ಅದನ್ನು ಕೇಳ್ತಾರೆ, ವಾಪಸ್ ಭಾರತಕ್ಕೆ ಬರುವಾಗಲೂ ಕೇಳ್ತಾರೆ. ಸರ್ಕಾರ ಗೊತ್ತು ಮಾಡಿದ ಕೇಂದ್ರಗಳಲ್ಲಿ ಮಾತ್ರ ಹಾಕ್ತಾರೆ. ಹಾಕಿಸಿಕೊಂಡು ಹತ್ತು ದಿನ ಆದಮೇಲಷ್ಟೇ ಕಾರ್ಡ್ ಲೆಕ್ಕಕ್ಕೆ ಬರುತ್ತೆ. ಒಮ್ಮೆ ಹಾಕಿಸಿದರೆ ಜೀವಮಾನಕ್ಕೆ ಸಾಕು. ಅರವತ್ತು ದಾಟಿದವರು, ಮೊಟ್ಟೆಯ ಅಲರ್ಜಿ ಇರೋರು ಡಾಕ್ಟರನ್ನು ಕೇಳದೆ ಹಾಕಿಸಬೇಡಿ. ಮಲೇರಿಯಾ ಮಾತ್ರೆಯನ್ನೂ ಅದೇ ಹೊತ್ತಿಗೆ ಕೇಳಿಬಿಡಿ.

ಒಂದೇ ಜಾಗಗಳು, ಒಂದೇ ದಿನಗಳು. ಒಬ್ಬರು ಹೇಳೋ ದರ ಇನ್ನೊಬ್ಬರ ಅರ್ಧ. ಹೇಗೆ ಸಾಧ್ಯ?

ಕಾಡಿನ ಶುಲ್ಕ ಎಲ್ಲರಿಗೂ ಒಂದೇ. ಮಾರಾದಲ್ಲಿ ಹೊರದೇಶದ ದೊಡ್ಡವರಿಗೆ ದಿನಕ್ಕೆ ಜನವರಿಯಿಂದ ಜೂನ್ ತನಕ 100 ಡಾಲರ್, ಜುಲೈನಿಂದ ಡಿಸೆಂಬರ್ ತನಕ 200 ಡಾಲರ್. ದಿನ ಅಂದರೆ ಬೆಳಿಗ್ಗೆ ಆರರಿಂದ ಸಂಜೆ ಆರು. ಸೆರೆಂಗೆಟಿಗೆ 60ರಿಂದ 70 ಡಾಲರ್, ಮೇಲೆ ತೆರಿಗೆ. ಗೊರೊಂಗೊರೊ ಕುಳಿಗೆ ಇಳಿಯೋ ಪ್ರತಿ ಗಾಡಿಗೆ 250 ಡಾಲರ್, ಅದಕ್ಕೂ ತೆರಿಗೆ ಬೇರೆ. ಇವು ನಾನು ಕೊನೆಯ ಸಲ ವಿಚಾರಿಸಿದಾಗಿನ ದರ, ಆಗಾಗ ಏರ್ತಾ ಇರ್ತವೆ. ಇದನ್ನು ಕೂಡಿಸಿ ನೋಡಿ. ನಿಮಗೆ ಹೇಳಿದ ಕಡಿಮೆ ದರದಲ್ಲಿ ಈ ಶುಲ್ಕ ಕಳೆದರೆ ಊಟ, ಹಾಸಿಗೆ, ಡೀಸೆಲ್‌ಗೆ ಏನು ಉಳಿಯುತ್ತೆ ಅಂತ ಗೊತ್ತಾಗುತ್ತೆ.

ಉಳಿತಾಯ ಆಗೋದು ಮೂರು ಕಡೆ. ಕ್ಯಾಂಪ್ ಗೇಟಿನ ಹೊರಗೆ ದೂರ ಇರುತ್ತೆ, ಆಗ ಬೆಳಗಿನ ಒಳ್ಳೆ ಹೊತ್ತು ರಸ್ತೆಯಲ್ಲೇ ಹೋಗುತ್ತೆ. ಲ್ಯಾಂಡ್ ಕ್ರೂಸರ್ ಬದಲು ವ್ಯಾನ್ ಕೊಡ್ತಾರೆ. ಇವೆರಡನ್ನೂ ಸಹಿಸಬಹುದು. ಮೂರನೆಯದನ್ನು ಸಹಿಸಬೇಡಿ: ಗೈಡ್ ಸಂಬಳ. ಒಳ್ಳೆ ಗೈಡ್ ಒಬ್ಬರಿದ್ದರೆ ಹಳೇ ವ್ಯಾನಿನಲ್ಲೂ ಪ್ರವಾಸ ಚೆನ್ನಾಗಿರುತ್ತೆ. ಹಾಗಾಗಿ ದರ ಕೇಳೋ ಮೊದಲು ಇದನ್ನು ಕೇಳಿ: ಗೈಡ್ ಯಾರು, ಎಷ್ಟು ವರ್ಷದಿಂದ ಈ ಕೆಲಸದಲ್ಲಿದ್ದಾರೆ, ಗಾಡಿಯಲ್ಲಿ ಎಲ್ಲರಿಗೂ ಕಿಟಕಿ ಸೀಟು ಇದೆಯಾ, ದಿನಕ್ಕೆ ಇಷ್ಟೇ ಕಿಲೋಮೀಟರ್ ಅಂತ ಮಿತಿ ಇದೆಯಾ. ಕೊನೇ ಪ್ರಶ್ನೆಗೆ ಹೌದು ಅಂದರೆ ಬಿಟ್ಟುಬಿಡಿ.

ಕೈಯಲ್ಲಿ ಇಟ್ಟುಕೊಳ್ಳೋ ಡಾಲರ್ ನೋಟು ಹೊಸದಾಗಿರಲಿ. ಹಳೇ ವರ್ಷದ, ಹರಿದ ನೋಟು ಅಲ್ಲಿ ಯಾರೂ ಮುಟ್ಟೋದಿಲ್ಲ.

ಚೀತಾ ಹತ್ತಿರ ಹೋಗಿ ಅಂತ ಎಷ್ಟು ಕೇಳಿದರೂ ನಮ್ಮ ಗೈಡ್ ರಸ್ತೆ ಬಿಟ್ಟು ಇಳಿಯಲಿಲ್ಲ. ಬೇರೆ ಎರಡು ಗಾಡಿ ಹೋದವು, ಅವರಿಗೆ ಒಳ್ಳೆ ಫೋಟೊ ಸಿಕ್ಕಿತು. ಅಷ್ಟು ದುಡ್ಡು ಕೊಟ್ಟು ಇದು ನ್ಯಾಯವಾ?

ನಿಮ್ಮ ಬೇಸರ ಅರ್ಥ ಆಗುತ್ತೆ. ಆದರೂ ನಾನು ನಿಮ್ಮ ಗೈಡ್ ಕಡೆ.

ಸಿಂಹ, ಕತ್ತೆಕಿರುಬ ಹೆಚ್ಚಾಗಿ ರಾತ್ರಿ ಬೇಟೆ ಆಡ್ತವೆ. ಚೀತಾ ಅವುಗಳಿಂದ ತಪ್ಪಿಸಿಕೊಳ್ಳೋಕೆ ಹಗಲು ಬೇಟೆ ಆಡುತ್ತೆ. ನಾವು ಗಾಡಿ ಹತ್ತೋದೂ ಅದೇ ಹೊತ್ತಿಗೆ. ನಾಲ್ಕು ಗಾಡಿ ಸುತ್ತುವರಿದರೆ ಅದಕ್ಕೆ ಜಿಂಕೆ ಕಾಣಿಸಲ್ಲ, ಜಿಂಕೆಗೆ ಮಾತ್ರ ಗಾಡಿ ಕಾಣಿಸುತ್ತೆ. ಬೇಟೆ ಹೋಯಿತು. ಮರಿ ಇರೋ ತಾಯಿಗೆ ಹೀಗೆ ಮತ್ತೆ ಮತ್ತೆ ಆದರೆ ಮರಿಗಳು ಉಳಿಯೋದು ಕಷ್ಟ. ಸುಮ್ನೆ ಹೇಳ್ತಿಲ್ಲ. ಮಾರಾದಲ್ಲೇ ನಡೆದು 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಪ್ರವಾಸಿಗರು ಕಡಿಮೆ ಇರೋ ಕಡೆ ತಾಯಿಯೊಂದು ಒಂದು ಸೂಲಿನಲ್ಲಿ ಸರಾಸರಿ 2.3 ಮರಿ ದೊಡ್ಡದು ಮಾಡಿದರೆ, ಜಾಸ್ತಿ ಇರೋ ಕಡೆ ಬರೀ 0.2. ಅಂದರೆ ಐದು ಸೂಲು ಹಾಕಿದರೆ ಉಳಿಯೋದು ಒಂದು ಮರಿ.

ಮಾರಾದಲ್ಲಿ ಒಂದು ಪ್ರಾಣಿಯ ಸುತ್ತ ಐದು ಗಾಡಿಗಿಂತ ಜಾಸ್ತಿ ನಿಲ್ಲೋ ಹಾಗಿಲ್ಲ, ರಸ್ತೆ ಬಿಟ್ಟು ಇಳಿದರೆ ದಂಡ ಇದೆ, ಗೈಡ್ ತಮ್ಮ ಕೆಲಸವನ್ನೇ ಕಳೆದುಕೊಳ್ಳಬಹುದು. ನಿಮ್ಮ ಗೈಡ್ ನಿಮ್ಮ ಟಿಪ್ಸ್ ಹೋದರೂ ಪರವಾಗಿಲ್ಲ ಅಂತ ನಿಂತರಲ್ಲ, ಅಂಥವರು ಸಿಕ್ಕಿದ್ದು ದೊಡ್ಡದು. ಟಿಪ್ಸ್ ಕೊಡದೇ ಬಂದಿದ್ದರೆ ಒಂದು ಒಳ್ಳೆ ಪತ್ರವನ್ನಾದರೂ ಅವರ ಕಂಪನಿಗೆ ಬರೆಯಿರಿ, ಅವರ ಹೆಸರು ಹಾಕಿ. ಅಲ್ಲಿ ಅದಕ್ಕೆ ಬೆಲೆ ಇದೆ.

ಅಮ್ಮನಿಗೆ 68, ಮಂಡಿ ನೋವಿದೆ. ಆನೆ ಹಿಂಡು ನೋಡಬೇಕು ಅನ್ನೋದು ಅವರ ಬಹಳ ದಿನದ ಆಸೆ. ಕರೆದುಕೊಂಡು ಹೋಗಬಹುದಾ?

ಕರೆದುಕೊಂಡು ಹೋಗಿ, ಆದರೆ ಎರಡು ದೇಶ ಬೇಡ. ಅಮ್ಮನಿಗೋಸ್ಕರ ಅಂಬೋಸೆಲಿ ಒಂದೇ ಸಾಕು, ಮೂರು ರಾತ್ರಿ. 392 ಚದರ ಕಿಲೋಮೀಟರಿನ ಚಿಕ್ಕ ಕಾಡು, ಸಮತಟ್ಟು ಬಯಲು, ಜಾಸ್ತಿ ಓಡಾಟ ಇಲ್ಲ. ಕಿಲಿಮಂಜಾರೋದ ನೀರು ನೆಲದಡಿ ಹರಿದು ಬಂದು ಅಲ್ಲಿ ಜೌಗಾಗಿ ಎದ್ದಿದೆ, ಒಣ ತಿಂಗಳಲ್ಲೂ ಆನೆಗಳು ಬಂದೇ ಬರ್ತವೆ. ಅಲ್ಲಿನ ಆನೆ ಕುಟುಂಬಗಳನ್ನು 1972ರಿಂದ ಒಂದೊಂದಾಗಿ ಗುರುತಿಟ್ಟು ಅಧ್ಯಯನ ಮಾಡ್ತಾ ಇದ್ದಾರೆ, ಯಾವ ಅಜ್ಜಿಯ ಮೊಮ್ಮಗಳು ಯಾರು ಅಂತ ಅವರ ಹತ್ತಿರ ಲೆಕ್ಕ ಇದೆ. ಗುಂಪನ್ನು ನಡೆಸೋದು ಹಿರಿಯ ಹೆಣ್ಣಾನೆಯೇ. ಅಮ್ಮನಿಗೆ ಇದನ್ನು ಹೇಳಿ, ಖುಷಿ ಪಡ್ತಾರೆ.

ನೈರೋಬಿಯ ವಿಲ್ಸನ್ ನಿಲ್ದಾಣದಿಂದ ಚಿಕ್ಕ ವಿಮಾನ ಇದೆ, ಕುಲುಕಾಟ ತಪ್ಪುತ್ತೆ. ಲಗೇಜು 15 ಕಿಲೋ ಮಾತ್ರ, ಗಟ್ಟಿ ಸೂಟ್‌ಕೇಸ್ ಬೇಡ, ಮೆತ್ತನೆ ಬ್ಯಾಗು. ಗಾಡಿಯಲ್ಲಿ ಅಮ್ಮನನ್ನು ಹಿಂದಿನ ಸೀಟಿನಲ್ಲಿ ಕೂರಿಸಬೇಡಿ, ಕುಲುಕಾಟ ಅಲ್ಲೇ ಜಾಸ್ತಿ. ಹತ್ತಿ ಇಳಿಯೋಕೆ ಒಂದು ಮಣೆ ಇಟ್ಟುಕೊಳ್ಳಿ ಅಂತ ಗೈಡ್‌ಗೆ ಮೊದಲೇ ಹೇಳಿ. ಟೆಂಟ್ ಊಟದ ಮನೆಗೆ ಹತ್ತಿರದ್ದೇ ಕೇಳಿ.

ಮಗನಿಗೆ ಎಂಟು ವರ್ಷ. ಸಿಂಹ ನೋಡಿದ ಮೇಲೆ ಬೋರ್ ಅಂದರೆ?

ಸಿಂಹಕ್ಕಿಂತ ಚಿಕ್ಕದನ್ನು ತೋರಿಸಿ. ತನ್ನ ಮೈಗಿಂತ ದೊಡ್ಡ ಉಂಡೆ ಮಾಡಿ ಹಿಂಗಾಲಲ್ಲಿ ಉರುಳಿಸಿಕೊಂಡು ಹೋಗೋ ಸಗಣಿ ಹುಳು, ಜಾಲಿ ಮರದಲ್ಲಿ ಗೀಜಗನ ಗೂಡು, ಗೆದ್ದಲ ಹುತ್ತದ ಮೇಲೆ ಕಾವಲು ನಿಂತ ಜಿಂಕೆ. ಸ್ವಾಹಿಲಿಯಲ್ಲಿ ಹೆಸರು ಕಲಿಸಿ: ಸಿಂಹ ಸಿಂಬಾ, ಆನೆ ಟೆಂಬೊ, ಜಿರಾಫೆ ಟ್ವಿಗಾ, ನೀರಾನೆ ಕಿಬೋಕೊ, ವೈಲ್ಡ್‌ಬೀಸ್ಟ್ ನ್ಯೂಂಬು. ಗೈಡ್‌ಗಿಂತ ಮೊದಲು ಕೂಗೋ ಆಟ ಇಟ್ಟರೆ ದಿನ ಹೋಗಿದ್ದೇ ಗೊತ್ತಾಗಲ್ಲ. ಗೊರೊಂಗೊರೊ ಕುಳಿಯಲ್ಲಿ ಒಂದು ಜಿರಾಫೆ ಹುಡುಕು ಅಂತ ಹೇಳಿ. ಸಿಗೋದಿಲ್ಲ, ಅಲ್ಲಿ ಜಿರಾಫೆಗಳಿಲ್ಲ, 600 ಮೀಟರ್ ಎತ್ತರದ ಕಡಿದಾದ ಗೋಡೆ ಇಳಿದು ಬರೋದು ಅವಕ್ಕೆ ಕಷ್ಟ. ಯಾಕಿಲ್ಲ ಅಂತ ಅವನೇ ಯೋಚಿಸಲಿ.

ಸೆರೆಂಗೆಟಿಗೆ ಹೋಗೋ ದಾರಿಯಲ್ಲಿ ಓಲ್ಡುವಾಯಿ ಕಮರಿ ಇದೆ, ಅಲ್ಲಿನ ಮ್ಯೂಸಿಯಂ ತಪ್ಪಿಸಬೇಡಿ. ಅಲ್ಲಿಂದ ದಕ್ಷಿಣಕ್ಕಿರೋ ಲೇಟೋಲಿಯಲ್ಲಿ 1976ರಲ್ಲಿ, ಪಳೆಯುಳಿಕೆ ಹುಡುಕ್ತಿದ್ದ ವಿಜ್ಞಾನಿ ಮೇರಿ ಲೀಕಿ ಅವರ ತಂಡದವರು ಆನೆ ಲದ್ದಿ ಎಸೆದಾಡ್ತಾ ಆಡ್ತಿದ್ದಾಗ ಒಬ್ಬರು ತಪ್ಪಿಸಿಕೊಳ್ಳೋಕೆ ಹೋಗಿ ಬಿದ್ದರು. ಬಿದ್ದ ಜಾಗದಲ್ಲಿ ಕಲ್ಲಾಗಿದ್ದ ಬೂದಿಯಲ್ಲಿ ಪ್ರಾಣಿಗಳ ಹೆಜ್ಜೆ ಗುರುತು ಕಂಡಿತು. ಎರಡು ವರ್ಷದ ಮೇಲೆ ಅಲ್ಲೇ ಮನುಷ್ಯರ ಪೂರ್ವಜರ ಹೆಜ್ಜೆಗಳು ಸಿಕ್ಕವು, 36 ಲಕ್ಷ ವರ್ಷ ಹಳೆಯವು. ಒಂದು ದೊಡ್ಡ ಪಾದ, ಪಕ್ಕದಲ್ಲೇ ಒಂದು ಚಿಕ್ಕ ಪಾದ. ಆ ಹೆಜ್ಜೆಗಳ ಅಚ್ಚು ಮ್ಯೂಸಿಯಂನಲ್ಲಿದೆ. ಮಗನನ್ನು ಅದರ ಮುಂದೆ ನಿಲ್ಲಿಸಿ, ಆತುರ ಮಾಡಬೇಡಿ.

ಬಟ್ಟೆ, ಬ್ಯಾಗು?

ಕಡು ನೀಲಿ, ಕಪ್ಪು ಬಟ್ಟೆ ಬೇಡ, ಟ್ಸೆಟ್ಸೆ ನೊಣ ಆ ಬಣ್ಣಕ್ಕೆ ಮುತ್ತುತ್ತೆ, ಕಚ್ಚಿದರೆ ಉರಿ. ಸೈನಿಕರ ಥರದ ಚುಕ್ಕಿ ಬಟ್ಟೆಯೂ ಬೇಡ. ಸ್ವೆಟರ್ ಇಟ್ಟುಕೊಳ್ಳಿ, ಗೊರೊಂಗೊರೊ ಅಂಚು 2,000 ಮೀಟರಿಗಿಂತ ಎತ್ತರ, ಬೆಳಿಗ್ಗೆ ಹಲ್ಲು ಕಡಿಯುತ್ತೆ. ಪ್ಲಾಸ್ಟಿಕ್ ಕವರ್ ಕೀನ್ಯಾದಲ್ಲಿ 2017ರಿಂದ, ತಾಂಜಾನಿಯಾದಲ್ಲಿ 2019ರಿಂದ ನಿಷೇಧ, ಸೂಟ್‌ಕೇಸಿನೊಳಗೆ ತುರುಕಿದ್ದನ್ನೂ ತೆಗೆದುಬಿಡಿ. ಕ್ಯಾಮೆರಾಗಿಂತ ಮೊದಲು ಬೈನಾಕ್ಯುಲರ್ ಕೊಳ್ಳಿ, ಒಬ್ಬೊಬ್ಬರಿಗೆ ಒಂದೊಂದು.

ಬೆಳಿಗ್ಗೆ ಎಷ್ಟು ಗಂಟೆಗೆ ಅಂತ ಕೇಳಿದ್ದಕ್ಕೆ ಗೈಡ್ "ಸಾ ಕುಮಿ ನಾ ಮ್ಬಿಲಿ", ಅಂದರೆ ಹನ್ನೆರಡು ಗಂಟೆ ಅಂದರು. ನಾವು ಮಲಗಿದ್ದೆವು, ಅವರು ಆರಕ್ಕೇ ಬಂದು ಬಾಗಿಲು ತಟ್ಟಿದರು. ಏನಿದು?

ಅವರು ಸರಿಯಾಗೇ ಹೇಳಿದ್ದಾರೆ. ಸ್ವಾಹಿಲಿಯಲ್ಲಿ ಗಂಟೆ ಎಣಿಸೋದು ಸೂರ್ಯ ಹುಟ್ಟಿದ ಮೇಲಿಂದ. ಭೂಮಧ್ಯರೇಖೆಗೆ ಹತ್ತಿರ ಇರೋದರಿಂದ ವರ್ಷವಿಡೀ ಬೆಳಕು ಆಗೋದು ಹೆಚ್ಚುಕಡಿಮೆ ಒಂದೇ ಹೊತ್ತಿಗೆ. ನಮ್ಮ ಏಳು ಗಂಟೆ ಅವರಿಗೆ ಒಂದು, ನಮ್ಮ ಎಂಟು ಅವರಿಗೆ ಎರಡು, ನಮ್ಮ ಬೆಳಗಿನ ಆರು ಅಂದರೆ ಅವರ ಹನ್ನೆರಡು. ಆರು ಗಂಟೆ ವ್ಯತ್ಯಾಸ ಅಂತ ನೆನಪಿಟ್ಟುಕೊಳ್ಳಿ. ಮತ್ತೆ ಯಾರಾದರೂ ಹೊತ್ತು ಹೇಳಿದರೆ, ಸ್ವಾಹಿಲಿ ಗಂಟೆನಾ, ಇಂಗ್ಲಿಷ್ ಗಂಟೆನಾ ಅಂತ ಕೇಳಿ. ಅಲ್ಲಿ ಎಲ್ಲರೂ ಒಬ್ಬರನ್ನೊಬ್ಬರು ಹಾಗೇ ಕೇಳ್ತಾರೆ.